ಕಿಸ್ಸಾತೆನ್

ಕಿಸ್ಸಾತೆನ್ ಎಂಬುದು ಜಪಾನಿನ ಸಾಂಪ್ರದಾಯಿಕ ಕಾಫಿ ಅಂಗಡಿ. ಜಪಾನಿ ಭಾಷೆಯಲ್ಲಿ ‘ಕಿಸ್ಸಾ’ ಎಂದರೆ ಚಹಾ ಕುಡಿಯುವುದು, ‘ತೆನ್’ ಎಂದರೆ ಅಂಗಡಿ. ಹೆಸರಿನಲ್ಲಿ ಚಹಾ ಇದ್ದರೂ ಇಲ್ಲಿನ ಮುಖ್ಯ ಪಾನೀಯ ಕಾಫಿ. ಸಾಮಾನ್ಯವಾಗಿ ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬ ಇದನ್ನು ನಡೆಸುತ್ತದೆ. ಮಂದ ಬೆಳಕು, ಮರದ ಪೀಠೋಪಕರಣ, ಪಿಂಗಾಣಿ ಬಟ್ಟಲುಗಳು ಮತ್ತು ಒಂದು ಬಟ್ಟಲು ಕಾಫಿಯ ಬೆಲೆಗೆ ಬಹಳ ಹೊತ್ತು ಕುಳಿತಿರಬಹುದಾದ ಸೌಕರ್ಯ ಇದರ ಲಕ್ಷಣಗಳು.

ಇತಿಹಾಸ

ಜಪಾನಿನ ಮೊದಲ ನೈಜ ಕಾಫಿ ಅಂಗಡಿಯೆಂದು ಪರಿಗಣಿಸಲಾಗುವ ‘ಕಾಹೀ ಸಾಕಾನ್’ 1888ರ ಏಪ್ರಿಲ್ 13ರಂದು ಟೋಕಿಯೊದ ಉಎನೊ ಪ್ರದೇಶದಲ್ಲಿ ಆರಂಭವಾಯಿತು. ಅಮೆರಿಕದ ಯೇಲ್‌ನಲ್ಲಿ ವ್ಯಾಸಂಗ ಮಾಡಿ ಬಂದಿದ್ದ ತೇ ಏಕೇ ಅದರ ಸ್ಥಾಪಕ. ಪತ್ರಿಕೆಗಳು, ಪುಸ್ತಕಗಳು, ಬಿಲಿಯರ್ಡ್ಸ್ ಮೇಜು ಇದ್ದ ಈ ಅಂಗಡಿ ನಷ್ಟಕ್ಕೆ ಸಿಲುಕಿ ಕೆಲವೇ ವರ್ಷಗಳಲ್ಲಿ ಮುಚ್ಚಿತು.

ಕಾಫಿಯನ್ನು ಜನಸಾಮಾನ್ಯರಿಗೆ ತಲುಪಿಸಿದ್ದು 1911ರಲ್ಲಿ ಗಿಂಜಾದಲ್ಲಿ ತೆರೆದ ‘ಕೆಫೆ ಪೌಲಿಸ್ಟಾ’. ಅದರ ಸ್ಥಾಪಕ ಮಿಜುನೊ ರ್‍ಯೊ 1908ರಲ್ಲಿ ಜಪಾನಿನ ವಲಸಿಗರ ಮೊದಲ ತಂಡವನ್ನು ಬ್ರೆಜಿಲ್‌ಗೆ ಕರೆದೊಯ್ದವರು. ಇದಕ್ಕೆ ಪ್ರತಿಯಾಗಿ ಸಾವೊ ಪಾವ್ಲೊ ಸರ್ಕಾರ ಅವರಿಗೆ ಕಾಫಿ ಬೀಜವನ್ನು ಉಚಿತವಾಗಿ ಒದಗಿಸಿತು. 1920ರ ದಶಕದಲ್ಲಿ ‘ಕೆಫೆ’ ಎಂಬ ಹೆಸರು ಮದ್ಯ ಮತ್ತು ಪರಿಚಾರಿಕೆಯರ ಒಡನಾಟವಿದ್ದ ಅಂಗಡಿಗಳಿಗೆ ಅಂಟಿಕೊಂಡಿತು. ಅವುಗಳಿಂದ ಪ್ರತ್ಯೇಕವೆಂದು ತೋರಿಸಲು ಮದ್ಯ ಮಾರದ ಅಂಗಡಿಗಳನ್ನು ‘ಜುನ್‌ಕಿಸ್ಸಾ’, ಅಂದರೆ ಶುದ್ಧ ಕಿಸ್ಸಾತೆನ್, ಎಂದು ಕರೆಯುವ ರೂಢಿ ಬಂತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತಿದ್ದ ಕಾಫಿ ಆಮದು 1950ರಲ್ಲಿ ಮತ್ತೆ ಆರಂಭವಾಯಿತು. ಮುಂದಿನ ಮೂರು ದಶಕಗಳು ಕಿಸ್ಸಾತೆನ್‌ಗಳ ಉತ್ಕರ್ಷದ ಕಾಲ.

ಕಾಫಿ ಮತ್ತು ತಿನಿಸು

ಕಾಫಿಯನ್ನು ಒಂದೊಂದೇ ಬಟ್ಟಲಿನ ಲೆಕ್ಕದಲ್ಲಿ ಗಿರಾಕಿಯ ಎದುರಿನಲ್ಲೇ ತಯಾರಿಸುವುದು ವಾಡಿಕೆ. ಮುಖ್ಯ ವಿಧಾನಗಳು ಎರಡು. ಮೊದಲನೆಯದರಲ್ಲಿ ಫ್ಲಾನೆಲ್ ಬಟ್ಟೆಯ ಚೀಲದಲ್ಲಿರುವ ಪುಡಿಯ ಮೇಲೆ ಬಿಸಿನೀರನ್ನು ಸಣ್ಣ ಧಾರೆಯಾಗಿ ಸುರಿಯುತ್ತಾರೆ. ಎರಡನೆಯದು ಸೈಫನ್: ಕೆಳಗಿನ ಗಾಜಿನ ಬುರುಡೆಯ ನೀರು ಕಾದಾಗ ಆವಿಯ ಒತ್ತಡದಿಂದ ಮೇಲಿನ ಪಾತ್ರೆಗೆ ಏರಿ ಪುಡಿಯೊಡನೆ ಬೆರೆಯುತ್ತದೆ, ಉರಿ ತೆಗೆದಾಗ ಕಷಾಯವು ಸೋಸಿ ಕೆಳಗಿಳಿಯುತ್ತದೆ. ಹುರಿತ ಸಾಮಾನ್ಯವಾಗಿ ಗಾಢ. ಹಾಲು, ಸಕ್ಕರೆಯನ್ನು ಬೇರೆಯಾಗಿ ಇಡುತ್ತಾರೆ.

ದಪ್ಪನೆಯ ಟೋಸ್ಟ್, ಮೊಟ್ಟೆ ಸ್ಯಾಂಡ್‌ವಿಚ್, ಟೊಮೆಟೊ ಕೆಚಪ್ ಬೆರೆಸಿದ ‘ನಾಪೊರಿತಾನ್’ ಸ್ಪಾಗೆಟ್ಟಿ, ಕ್ರೀಮ್ ಸೋಡಾ ಇಲ್ಲಿನ ಪರಿಚಿತ ತಿನಿಸು, ಪಾನೀಯಗಳು. ನಾಗೋಯಾ ಸುತ್ತಮುತ್ತ ಬೆಳಿಗ್ಗೆ ಕಾಫಿ ಕೇಳಿದವರಿಗೆ ಟೋಸ್ಟ್ ಮತ್ತು ಬೇಯಿಸಿದ ಮೊಟ್ಟೆಯನ್ನು ಅದೇ ಬೆಲೆಯಲ್ಲಿ ಕೊಡುತ್ತಾರೆ. ಸಮೀಪದ ಇಚಿನೊಮಿಯಾ ನಗರದ ಜವಳಿ ಕಾರ್ಖಾನೆಗಳಲ್ಲಿ ಮಗ್ಗಗಳ ಸದ್ದಿಗೆ ಮಾತು ಕೇಳಿಸದ ಕಾರಣ ಮಾಲೀಕರು ವ್ಯವಹಾರದ ಮಾತುಕತೆಗೆ ಕಿಸ್ಸಾತೆನ್‌ಗೆ ಬರುತ್ತಿದ್ದರು, ಅವರಿಂದಲೇ ಈ ಪದ್ಧತಿ ಬೆಳೆಯಿತು ಎಂದು ಹೇಳಲಾಗುತ್ತದೆ.

ಭೇಟಿಯ ರೀತಿ

ಒಳಬಂದವರಿಗೆ ಮೊದಲು ತಣ್ಣೀರು ಮತ್ತು ಕೈ ಒರೆಸಿಕೊಳ್ಳಲು ಒದ್ದೆ ಬಟ್ಟೆ ಸಿಗುತ್ತದೆ. ಮಾಲೀಕನನ್ನು ‘ಮಾಸುತಾ’ (ಮಾಸ್ಟರ್) ಎಂದು ಕರೆಯುವುದುಂಟು. ದನಿ ತಗ್ಗಿಸಿ ಮಾತನಾಡುವುದು ಮರ್ಯಾದೆ. ಹಣವನ್ನು ಹೊರಡುವಾಗ ಗಲ್ಲಾದಲ್ಲಿ ಪಾವತಿಸಬೇಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಧ್ವನಿಮುದ್ರಿಕೆಗಳು ದುಬಾರಿಯಾಗಿದ್ದ ಕಾಲದಲ್ಲಿ ಜಾಸ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿಸಲೆಂದೇ ಹುಟ್ಟಿಕೊಂಡ ಕಿಸ್ಸಾತೆನ್‌ಗಳಿವೆ. 1926ರಲ್ಲಿ ಆರಂಭವಾದ ಶಿಬುಯಾದ ‘ಲಯನ್’ ಇಂಥದ್ದು. ಅಲ್ಲಿ ಸಂಭಾಷಣೆಗೆ ಅವಕಾಶವಿಲ್ಲ.

ಕ್ಷೀಣಿಸುತ್ತಿರುವ ಸಂಖ್ಯೆ

1981ರಲ್ಲಿ ಜಪಾನಿನಲ್ಲಿ ಸುಮಾರು 1,54,000 ಕಿಸ್ಸಾತೆನ್‌ಗಳಿದ್ದವು. 2016ರ ವೇಳೆಗೆ ಇವು ಸುಮಾರು 67,000ಕ್ಕೆ ಇಳಿದವು. 1980ರಲ್ಲಿ ಹರಾಜುಕುವಿನಲ್ಲಿ ತೆರೆದ ‘ದೊತೊರು’ ಅಂಗಡಿ ನಿಂತು ಕುಡಿಯುವ ಅಗ್ಗದ ಕಾಫಿಯನ್ನು ಪರಿಚಯಿಸಿತು; 1996ರಲ್ಲಿ ಸ್ಟಾರ್‌ಬಕ್ಸ್ ಗಿಂಜಾಕ್ಕೆ ಬಂತು. ಸ್ಪರ್ಧೆಗಿಂತಲೂ ಆಳವಾದ ಕಾರಣ ಉತ್ತರಾಧಿಕಾರಿಗಳ ಕೊರತೆ. ಹುರಿತ, ಸೋಸುವಿಕೆ, ಗಿರಾಕಿಗಳ ಪರಿಚಯ ಎಲ್ಲವೂ ಒಬ್ಬ ಮಾಲೀಕನಲ್ಲೇ ಕೇಂದ್ರೀಕೃತವಾಗಿರುವುದರಿಂದ ಆತನ ವೃದ್ಧಾಪ್ಯದೊಡನೆ ಅಂಗಡಿಯೂ ಮುಗಿಯುತ್ತದೆ. ಇದಕ್ಕೆ ಅಪವಾದಗಳಿವೆ. 1948ರಲ್ಲಿ ‘ಕೆಫೆ ದ ಲಾಂಬ್ರ್’ ಸ್ಥಾಪಿಸಿದ ಸೆಕಿಗುಚಿ ಇಚಿರೊ 2018ರಲ್ಲಿ ತಮ್ಮ 103ನೆಯ ವಯಸ್ಸಿನಲ್ಲಿ ನಿಧನರಾದರು; ಅಂಗಡಿ ಅವರ ನಂತರವೂ ಮುಂದುವರಿದಿದೆ. ಕ್ಯೋಟೊದಲ್ಲಿ 1934ರಲ್ಲಿ ಆರಂಭವಾದ ‘ಫ್ರಾನ್ಸುವಾ’ದ ಕಟ್ಟಡವು ನೋಂದಾಯಿತ ಸಾಂಸ್ಕೃತಿಕ ಆಸ್ತಿಯಾಗಿದೆ.

ಕರ್ನಾಟಕದ ಕಾಫಿ ಹೋಟೆಲುಗಳೊಂದಿಗೆ ಹೋಲಿಕೆ

ಮಂಗಳೂರು ಕಾಫಿ ಸಂಸ್ಕರಣೆಯ ಹಳೆಯ ಕೇಂದ್ರ. ಘಟ್ಟದ ಮೇಲಿನಿಂದ ಬಂದ ಬೀಜವನ್ನು ಮಳೆಗಾಲದ ತೇವದ ಗಾಳಿಗೆ ಹರಡಿ ಉಬ್ಬಿಸುವ ‘ಮಾನ್ಸೂನ್ಡ್ ಮಲಬಾರ್’ ಕಾಫಿ ಇಲ್ಲಿ ತಯಾರಾಗಿ ಹೊರದೇಶಗಳಿಗೆ ಹೋಗುತ್ತದೆ. ಆದರೆ ನಗರದ ಹೋಟೆಲುಗಳ ಕಾಫಿ ಬೇರೆ ಬಗೆಯದು. ಡಿಕಾಕ್ಷನ್‌ಗೆ ಹಾಲು, ಸಕ್ಕರೆ ಬೆರೆಸಿಯೇ ಕೊಡುತ್ತಾರೆ. ಜೊತೆಗೆ ಬನ್ಸ್ ಅಥವಾ ಗೋಳಿಬಜೆ ಇರುತ್ತದೆ. ಜನಸಂದಣಿಯ ವೇಳೆಯಲ್ಲಿ ತಿಂದವರು ಬೇಗ ಎದ್ದು ಜಾಗ ಬಿಟ್ಟುಕೊಡುವುದು ಇಲ್ಲಿನ ಮರ್ಯಾದೆ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಆರಂಭವಾದ ‘ಕೆಫೆ ದರ್ಶಿನಿ’ಯ ಮಾದರಿಯು ಕುರ್ಚಿಯನ್ನೇ ಕೈಬಿಟ್ಟಿತು. ದೊತೊರು ಅಂಗಡಿಯಂತೆ ಇಲ್ಲಿಯೂ ಅಗ್ಗದ ಬೆಲೆಗೆ ಆಧಾರವಾದದ್ದು ನಿಂತು ಕುಡಿಯುವ ಪದ್ಧತಿ.

ಕುಳಿತು ಕಾಲ ಕಳೆಯುವ ಕಿಸ್ಸಾತೆನ್‌ಗೆ ಕರ್ನಾಟಕದಲ್ಲಿ ಹೆಚ್ಚು ಸಮೀಪವಾದುದು ಇಂಡಿಯಾ ಕಾಫಿ ಹೌಸ್. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಸಂಘಟಿತರಾಗಿ 1957ರಲ್ಲಿ ಬೆಂಗಳೂರಿನಲ್ಲಿ ತಮ್ಮ ಮೊದಲ ಸಹಕಾರ ಸಂಘವನ್ನು ಕಟ್ಟಿದರು. 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಕಟ್ಟಡವನ್ನು ಬಿಡಬೇಕಾಗಿ ಬಂದಾಗಲೂ ಕಾಫಿ ಹೌಸ್ ನಿಲ್ಲಲಿಲ್ಲ, ಚರ್ಚ್ ಸ್ಟ್ರೀಟ್‌ಗೆ ಸ್ಥಳಾಂತರಗೊಂಡಿತು. ಒಡೆತನವು ಒಬ್ಬರದಾಗಿರದೆ ನೌಕರರೆಲ್ಲರದೂ ಆಗಿರುವುದು ಅದಕ್ಕೂ ಕಿಸ್ಸಾತೆನ್‌ಗೂ ಇರುವ ಮುಖ್ಯ ವ್ಯತ್ಯಾಸ.