ಕೈಗೆ ಸಿಗದ ಚೆಂಡಿನ ಲೆಕ್ಕ

ನ್ಯೂಯಾರ್ಕ್ ಯಾಂಕೀಸ್‌ನ ಡೆರೆಕ್ ಜೀಟರ್ ಬೇಸ್‌ಬಾಲ್ ಪ್ರಿಯರ ಕಣ್ಮಣಿಯಾಗಿದ್ದ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ಕಾವಲು ನಿಲ್ಲುವ ಶಾರ್ಟ್‌ಸ್ಟಾಪ್. ಬಲಕ್ಕೆ ಓಡಿ ಚೆಂಡು ಹಿಡಿದು, ನೆಲಬಿಟ್ಟು ಎಗರಿ, ಗಾಳಿಯಲ್ಲಿದ್ದಂತೆಯೇ ಮೊದಲ ಬೇಸ್‌ಗೆ ಎಸೆಯುವ ಅವನ ಭಂಗಿಗೆ ಜನ ಮರುಳಾಗಿದ್ದರು. ಉತ್ತಮ ಫೀಲ್ಡರ್‌ಗೆ ಮ್ಯಾನೇಜರ್‌ಗಳು, ಕೋಚ್‌ಗಳು ಮತ ಹಾಕಿ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ 2004, 2005ರಲ್ಲಿ ಅವನಿಗೇ ಬಂತು. ಆದರೆ ಲೆಕ್ಕದ ಪುಸ್ತಕ ಬೇರೆಯದೇ ಮಾತು ಹೇಳುತ್ತಿತ್ತು.

ಫೀಲ್ಡರ್‌ನನ್ನು ಅಳೆಯಲು ಹಿಂದಿನಿಂದ ಇದ್ದ ಮುಖ್ಯ ಕೋಲು ಒಂದೇ: ಎಷ್ಟು ತಪ್ಪು ಮಾಡಿದ? ಚೆಂಡಿನ ಹತ್ತಿರಕ್ಕೇ ಹೋಗದವನು ಅದನ್ನು ಕೈಚೆಲ್ಲುವುದಾದರೂ ಹೇಗೆ? ನಿಧಾನಗಾಲಿನವನಿಗೆ ಈ ಲೆಕ್ಕ ರಕ್ಷೆಯಾಗಿತ್ತು. 1970ರ ದಶಕದಲ್ಲಿ ಕಾನ್ಸಾಸ್‌ನ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರನಾಗಿದ್ದ ಬಿಲ್ ಜೇಮ್ಸ್ ಪ್ರಶ್ನೆಯನ್ನೇ ಬದಲಿಸಿದ: ಪಂದ್ಯಕ್ಕೆ ಎಷ್ಟು ಔಟ್‌ಗಳಲ್ಲಿ ಇವನ ಕೈಯಿದೆ? ಮುಂದೆ ಆಟದ ಅಂಕಿಅಂಶ ಕಲೆಹಾಕುವ ಜಾನ್ ಡ್ಯೂವನ್ ತಂಡ ವಿಡಿಯೊ ನೋಡಿ, ಪ್ರತಿ ಚೆಂಡು ಎತ್ತ ಹೋಯಿತು, ಎಷ್ಟು ಬಿರುಸಾಗಿತ್ತು ಎಂದು ಬರೆದಿಟ್ಟಿತು. ಅದರಿಂದ ಸಿದ್ಧವಾದ ಶಾರ್ಟ್‌ಸ್ಟಾಪ್‌ಗಳ ಪಟ್ಟಿಯಲ್ಲಿ ಹ್ಯೂಸ್ಟನ್‌ನ ಆ್ಯಡಮ್ ಎವರೆಟ್ ತುತ್ತತುದಿಯಲ್ಲಿದ್ದ, ಜೀಟರ್ ತಳದಲ್ಲಿದ್ದ.

ಜೇಮ್ಸ್ ಮಾಡಿದ ದೊಡ್ಡ ಕೆಲಸ ಇದರ ನಂತರದ್ದು. ಅಂಕಿಗಳಿಗೆ ದಾರಿ ಹಾಕಿಕೊಟ್ಟವನೇ ಅಂಕಿಗಳನ್ನು ಪೂರ್ತಿ ನಂಬಲಿಲ್ಲ. ಎವರೆಟ್, ಜೀಟರ್ ಇಬ್ಬರದೂ ಅತ್ಯುತ್ತಮ 20, ಅತಿ ಕಳಪೆ 20 ಆಟದ ತುಣುಕುಗಳನ್ನು ತರಿಸಿ, ಕೂತು ನೋಡಿದ. ಕಣ್ಣೂ ಲೆಕ್ಕದ ಪರವಾಗಿಯೇ ಸಾಕ್ಷಿ ಹೇಳಿತು. ಇದನ್ನು ಕುರಿತ ಅವನ ಬರಹ 2006ರ 'ದಿ ಫೀಲ್ಡಿಂಗ್ ಬೈಬಲ್' ಪುಸ್ತಕದಲ್ಲಿದೆ.

2013ರಿಂದ ಗೋಲ್ಡ್ ಗ್ಲೌವ್ ಆಯ್ಕೆಯಲ್ಲಿ ಸುಮಾರು ಶೇ 25 ಪಾಲು ಅಂಕಿಗಳದ್ದು. 2015ರಿಂದ ಸ್ಟ್ಯಾಟ್‌ಕಾಸ್ಟ್ ಎಂಬ ಅಳತೆ ವ್ಯವಸ್ಥೆ ಫೀಲ್ಡರ್‌ನ ಪ್ರತಿ ಓಟವನ್ನೂ ಅಳೆಯುತ್ತಿದೆ. ಆದರೆ ಪಟ್ಟಿ ಓದಿ, ಆಟ ನೋಡದೆ ತೀರ್ಪು ಕೊಡುವ ಈಗಿನ ಚಾಳಿ ನನಗೆ ಸಹಿಸಲಾಗುವುದಿಲ್ಲ. ಒಂದೇ ಸೀಸನ್ನಿನ ಅಂಕಿ ಏರುಪೇರಾಗುತ್ತದೆ. ಬ್ಯಾಟಿಗೆ ಚೆಂಡು ತಾಗುವ ಮೊದಲೇ ಹುಡುಗನ ಪಾದ ಎತ್ತ ತಿರುಗಿತು, ನೋಯುವ ಮಂಡಿಯನ್ನು ಹೇಗೆ ಮರೆಮಾಚುತ್ತಿದ್ದಾನೆ ಎಂಬುದನ್ನು ಹಳ್ಳಿ ಮೈದಾನಗಳಲ್ಲಿ ಬೆಂಚಿನ ಮೇಲೆ ಕೂತ, ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಕಾಣುತ್ತಾನೆ. ಎಷ್ಟು ಎಂಬುದನ್ನು ಅಂಕಿ ಹೇಳುತ್ತದೆ. ಏಕೆ ಎಂಬುದನ್ನು ಕಣ್ಣೇ ಹೇಳಬೇಕು.

ಜೀಟರ್‌ಗೆ ಒಟ್ಟು ಐದು ಗೋಲ್ಡ್ ಗ್ಲೌವ್ ಸಂದವು. ಎವರೆಟ್‌ಗೆ ಒಂದೂ ಬರಲಿಲ್ಲ.