ಪದವಿಯೂ ಇರಲಿ, ಓಟವೂ ಇರಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮ್ಮ ಗೆಳೆಯರ ಮಾತು ಕೊನೆಗೆ ಬಂದು ನಿಲ್ಲುವುದು ಪೊಲೀಸ್ ನೇಮಕಾತಿಗೇ. ಸಿವಿಲ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಸಾಕು. 100 ಅಂಕಗಳ ಲಿಖಿತ ಪರೀಕ್ಷೆ ಇರುತ್ತದೆ. ಯುವಕರು 168 ಸೆಂ.ಮೀ. ಎತ್ತರವಿರಬೇಕು, ಆರೂವರೆ ನಿಮಿಷದಲ್ಲಿ 1,600 ಮೀಟರ್ ಓಡಬೇಕು. ಪಿಎಸ್‌ಐ ಹುದ್ದೆಗೆ ಪದವಿ ಬೇಕು, 21 ವರ್ಷ ತುಂಬಿರಬೇಕು. ನನಗಿನ್ನೂ 20. ಅಲ್ಲಿ ಮೈದಾನ ಗೆದ್ದವರಿಗಷ್ಟೇ ಲಿಖಿತ ಪರೀಕ್ಷೆ.

ಓದು, ಓಟ ನಮ್ಮ ಕೈಯಲ್ಲಿವೆ. ಆದರೆ 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಎರಡು ವರ್ಷ ಕಾದರು. ಅದಕ್ಕೇ ನಾನು ಬೆಳಗ್ಗೆ ಓಡುತ್ತೇನೆ, ಬಿಇ ಪುಸ್ತಕವನ್ನೂ ಮುಚ್ಚಿಟ್ಟಿಲ್ಲ. ಗೆಳೆಯರೇ, ಅಧಿಸೂಚನೆ ಒಂದನ್ನೇ ನಂಬಿ ಓದು ಬಿಡಬೇಡಿ.