ಪರಿಹಾರ ಕೇಳದವರಿಗೊಂದು ಬೋನಸ್

ಸುಗ್ಗಿಯ ದಿನಗಳಲ್ಲಿ ಸಿಂಧನೂರು–ಮಸ್ಕಿ ಸೀಮೆಯ ರಸ್ತೆಗಳಲ್ಲಿ ಕಾರು ಓಡಿಸಿ ಬಂದವನಿಗೆ ಬೇರೆ ಡ್ರೈವಿಂಗ್ ಟೆಸ್ಟ್ ಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಿಂದ ಭತ್ತ ಹೇರಿಕೊಂಡು ಬರುವ ಟ್ರ್ಯಾಕ್ಟರುಗಳು, ಹಿಂದೆ ಕೆಂಪು ದೀಪವೇ ಇಲ್ಲದ ಟ್ರೇಲರುಗಳು, ನಡುವೆ ನುಸುಳುವ ಬೈಕುಗಳು. ಇಂಥ ಹಾದಿಯಲ್ಲಿ ಗೊರೇಬಾಳದ ಹುಡುಗನೊಬ್ಬ, ಲೈಸೆನ್ಸ್ ಕೈಗೆ ಬಂದ ತಿಂಗಳಲ್ಲೇ, ಅಪ್ಪನ ಕಾರನ್ನು ಟ್ರೇಲರಿನ ಮೂಲೆಗೆ ಉಜ್ಜಿಬಿಟ್ಟ ಎಂದಿಟ್ಟುಕೊಳ್ಳಿ. ಬಾಗಿಲು ತಗ್ಗು ಬಿದ್ದಿದೆ. ಗ್ಯಾರೇಜಿನವನು ಐದು ಸಾವಿರ ಕೇಳುತ್ತಾನೆ. “ಇನ್ಸೂರೆನ್ಸ್ ಐತಲ್ಲಪ್ಪ, ಕ್ಲೇಮ್ ಮಾಡಿದ್ರಾತು” ಎನ್ನುತ್ತಾನೆ ಮಗ. ಅಪ್ಪ ಹೂಂ ಎನ್ನುವ ಮುನ್ನ ಒಂದು ಲೆಕ್ಕ ಹಾಕುವುದು ಒಳ್ಳೆಯದು.

ಕಾರಿನ ವಿಮೆಯಲ್ಲಿ ಎರಡು ಭಾಗಗಳಿವೆ. ನಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಇದು ಕಡ್ಡಾಯ. ಇದರ ದರವನ್ನು ನಿಗದಿಪಡಿಸುವುದು ಸರ್ಕಾರ. ಇನ್ನೊಂದು ನಮ್ಮ ವಾಹನಕ್ಕೇ ಆಗುವ ಹಾನಿಯದು, ‘ಓನ್ ಡ್ಯಾಮೇಜ್’. ಇದು ನಮ್ಮ ಇಚ್ಛೆಗೆ ಬಿಟ್ಟದ್ದು. ‘ನೋ ಕ್ಲೇಮ್ ಬೋನಸ್’ ಎಂಬ ರಿಯಾಯಿತಿ ಸಿಗುವುದು ಈ ಎರಡನೆಯ ಭಾಗದ ಕಂತಿನ ಮೇಲೆ ಮಾತ್ರ. ಇಡೀ ಪಾಲಿಸಿಯ ಹಣ ಅರ್ಧಕ್ಕಿಳಿಯುತ್ತದೆ ಎಂದು ನಂಬಿಕೊಂಡು ಹೋದವರು ಏಜೆಂಟರ ಜೊತೆ ಜಗಳಕ್ಕೆ ನಿಲ್ಲುವುದು ಇದೇ ಕಾರಣಕ್ಕೆ.

ಒಂದು ವರ್ಷ ಪೂರ್ತಿ ಪರಿಹಾರ ಕೇಳದಿದ್ದರೆ ನವೀಕರಣದ ವೇಳೆ ಶೇ 20 ರಿಯಾಯಿತಿ. ಸತತ ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದು ವರ್ಷಕ್ಕೆ 50. ಅಲ್ಲಿಂದ ಮೇಲೆ ಏರುವುದಿಲ್ಲ. ಆದರೆ ನಡುವೆ ಒಂದೇ ಒಂದು ಕ್ಲೇಮ್ ಮಾಡಿದರೂ ಸಾಕು, ಏಣಿಯಿಂದ ಸೀದಾ ನೆಲಕ್ಕೆ.

ಈಗ ಗೊರೇಬಾಳದ ಅಪ್ಪನ ಲೆಕ್ಕಕ್ಕೆ ಬರೋಣ. ಅನುಕೂಲಕ್ಕಾಗಿ ಅವರ ಓನ್ ಡ್ಯಾಮೇಜ್ ಕಂತು ವರ್ಷಕ್ಕೆ 8,000 ರೂಪಾಯಿ, ಅದು ಬದಲಾಗುವುದಿಲ್ಲ ಎಂದುಕೊಳ್ಳಿ. ಶೇ 50ರ ಬೋನಸ್ ಇರುವುದರಿಂದ ಅವರು ಕಟ್ಟುತ್ತಿರುವುದು 4,000. ಐದು ಸಾವಿರದ ರಿಪೇರಿಗೆ ಕ್ಲೇಮ್ ಮಾಡಿದರೆ, 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ಮಾಲೀಕನೇ ಹೊರಬೇಕಾದ ಸಾವಿರ ರೂಪಾಯಿ ಕಳೆದು ಹೆಚ್ಚೆಂದರೆ 4,000 ಕೈಗೆ ಬಂದೀತು. ಮುಂದಿನ ವರ್ಷ ಕಟ್ಟಬೇಕಾದದ್ದು 8,000. ಆಮೇಲೆ ಕ್ರಮವಾಗಿ 6,400, 6,000, 5,200, 4,400. ಹಳೆಯ ನಾಲ್ಕು ಸಾವಿರಕ್ಕೆ ಮರಳುವಷ್ಟರಲ್ಲಿ ಒಟ್ಟು 10,000 ರೂಪಾಯಿ ಹೆಚ್ಚಿಗೆ ಹೋಗಿರುತ್ತದೆ. ನಾಲ್ಕು ಸಾವಿರ ಪಡೆಯಲು ಹತ್ತು ಸಾವಿರ! ಹಾಗೆಂದು ಎಂಜಿನ್‌ವರೆಗೆ ಜಖಂ ಆದಾಗಲೂ ಬೋನಸ್ಸಿನ ಆಸೆಗೆ ಸುಮ್ಮನಿರುವುದು ಪೆದ್ದುತನ. ವಿಮೆ ಮಾಡಿಸಿದ್ದೇ ಅಂಥ ಹೊತ್ತಿಗೆ. ಇನ್ನು ಯಾರಿಗಾದರೂ ಪೆಟ್ಟಾಗಿದ್ದರೆ ಈ ಲೆಕ್ಕವನ್ನೆಲ್ಲ ಬದಿಗಿಟ್ಟು ಮೊದಲು ಆಸ್ಪತ್ರೆ, ಆಮೇಲೆ ಪೊಲೀಸರು ಮತ್ತು ವಿಮಾ ಕಂಪನಿಗೆ ತಿಳಿಸಬೇಕು.

ಬೋನಸ್ ಯಾರದು? ಕಾರಿನದಲ್ಲ, ಕಾರು ಓಡಿಸುವವನದೂ ಅಲ್ಲ. ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರದು. ಅಪ್ಪನ ಕಾರನ್ನು ಮಗಳು ಐದು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದರೂ ಅದರ ಫಲ ಅಪ್ಪನಿಗೇ. ಅವಳು ತನ್ನ ಹೆಸರಿನಲ್ಲಿ ಕಾರು ಕೊಂಡ ದಿನ ಸೊನ್ನೆಯಿಂದಲೇ ಶುರು. ಅಣ್ಣನ ಬೈಕಿನ ಬೋನಸ್ಸನ್ನಾಗಲೀ ಮನೆಯ ಟ್ರ್ಯಾಕ್ಟರಿನದನ್ನಾಗಲೀ ಕಾರಿಗೆ ತರುವಂತಿಲ್ಲ. ಅದೇ ವರ್ಗದ ವಾಹನವೇ ಆಗಬೇಕು. ಇದಕ್ಕೆ ವಿನಾಯಿತಿ ಉಂಟು. ಮಾಲೀಕ ತೀರಿಕೊಂಡು ವಾಹನ ಹೆಂಡತಿ, ಗಂಡ, ಮಕ್ಕಳು ಅಥವಾ ತಂದೆತಾಯಿಯ ವಶಕ್ಕೆ ಬಂದರೆ ಬೋನಸ್ಸೂ ಅವರಿಗೆ ಬರುತ್ತದೆ.

ಹೊಸದಾಗಿ ಕಲಿತವರು ಮೊದಲಿಗೆ ಕೊಳ್ಳುವುದು ಸಾಮಾನ್ಯವಾಗಿ ಸೆಕೆಂಡ್ ಹ್ಯಾಂಡ್ ಕಾರು. ಮಾರುವವನು “ಶೇಕಡಾ ಐವತ್ತು ಬೋನಸ್ ಐತ್ರಿ” ಎಂದು ಬೆಲೆ ಏರಿಸಿದರೆ ನಕ್ಕು ಸುಮ್ಮನಾಗಿ. ಅದು ಅವನ ಜೊತೆಗೇ ಹೋಗುತ್ತದೆ. ಅದನ್ನೇ ಮುಂದುವರಿಸಿ ಕೊಡುತ್ತೇನೆಂದು ಯಾರಾದರೂ ಫಾರ್ಮಿನಲ್ಲಿ ಬರೆಸಿದರೆ ಸಹಿ ಹಾಕಬೇಡಿ. ಹೊಸ ಕಂಪನಿ ಹಳೆಯ ಕಂಪನಿಯನ್ನು ವಿಚಾರಿಸುತ್ತದೆ. ಸುಳ್ಳು ಹೇಳಿದ್ದು ಗೊತ್ತಾದರೆ ಅಪಘಾತದ ದಿನ ನಿಮ್ಮ ಕಾರಿನ ಪರಿಹಾರವೇ ಕೈತಪ್ಪೀತು.

ಬ್ರಿಟನ್ನಿನಂಥ ದೇಶಗಳಲ್ಲಿ ಚಾಲಕನ ವಯಸ್ಸು, ಅನುಭವ ನೋಡಿ ಕಂತು ಹಾಕುವುದರಿಂದ ಹದಿನೆಂಟರ ಹುಡುಗರಿಗೆ ವಿಮೆ ಭಾರೀ ದುಬಾರಿ. ನಮ್ಮಲ್ಲಿ ಮುಖ್ಯವಾಗಿ ನೋಡುವುದು ಕಾರಿನ ಮೌಲ್ಯ, ವಯಸ್ಸು, ಎಂಜಿನ್ ಗಾತ್ರ ಮತ್ತು ನೋಂದಣಿಯಾದ ಊರು. ರಾಯಚೂರಿನ ಕೆಎ–36 ಕಾರಿಗೆ ಬೆಂಗಳೂರಿನದಕ್ಕಿಂತ ಕಡಿಮೆ ದರದ ವಲಯ ಅನ್ವಯಿಸುತ್ತದೆ. ಕಲಿಯುವ ಲೈಸೆನ್ಸ್ ಇದ್ದವರೂ ‘ಎಲ್’ ಫಲಕ ಹಾಕಿ, ಪೂರ್ಣ ಲೈಸೆನ್ಸ್ ಉಳ್ಳ ಬೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ವಿಮೆಯ ರಕ್ಷಣೆ ಇದೆ. ಹದಿನೆಂಟು ತುಂಬದವರ ಕೈಗೆ ಕಾರಿನ ಕೀಲಿ ಕೊಟ್ಟರೆ ಮಾತ್ರ ಕಥೆ ಬೇರೆ. 2019ರ ತಿದ್ದುಪಡಿಯಂತೆ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ.

ಕೂಡಿಟ್ಟ ಬೋನಸ್ ಮರೆವಿನಿಂದಲೂ ಹಾಳಾಗುತ್ತದೆ. ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಅದು ಹೋಯಿತು. ಭತ್ತದ ದುಡ್ಡು ಬರಲಿ ಎಂದು ಕಾಯುವ ನಮ್ಮ ಕಡೆಯ ಮನೆಗಳಲ್ಲಿ ಇದು ಆಗುವಂಥದ್ದೇ. ಕಾರು ಮಾರುವಾಗ ವಿಮಾ ಕಂಪನಿಯಿಂದ ಬೋನಸ್ ಉಳಿಸಿಕೊಂಡ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಮೂರು ವರ್ಷದೊಳಗೆ ಮತ್ತೊಂದು ಕಾರು ಕೊಂಡರೆ ಅಲ್ಲಿ ಅದು ನಡೆಯುತ್ತದೆ, ಬೇರೆ ಕಂಪನಿಯ ಪಾಲಿಸಿಯಾದರೂ ಸರಿ.